ಹೆಲ್ಮೆಟ್ ಬಿಟ್ಟು ಎಂಟು ಸಾವಿರ

ನಾರಾಯಣಪೇಟೆಯ ಸೀರೆ ವ್ಯಾಪಾರಿ ವೀರಯ್ಯನಿಗೆ ಯಾರು ಯಾವ ವಸ್ತುವಿನ ಬೆಲೆ ಹೇಳಿದರೂ ಅದರಲ್ಲಿ ಅರ್ಧ ಮಾತ್ರ ಕಿವಿಗೆ ಬೀಳುತ್ತಿತ್ತು. ಉಳಿದರ್ಧ ಬರೀ ಗಾಳಿ ಎಂಬುದು ಅವನ ನಂಬಿಕೆ. ಈ ನಂಬಿಕೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ತನ್ನನ್ನು ನೋಡಿಕೊಂಡೇ ಅವನು ಕಲಿತಿದ್ದ. ಅಪ್ಪನ ಕಾಲದಿಂದ ಸೀರೆಗಳ ಬೆಲೆಗೆ ಗಾಳಿ ತುಂಬಿ ಮಾರಿಕೊಂಡು ಬಂದವನು, ಪಕ್ಕದ ಅಂಗಡಿಯವನು ಅದನ್ನು ಮಾಡುವುದಿಲ್ಲ ಎಂದು ಹೇಗೆ ನಂಬಿಯಾನು?

ಅವನ ಅಂಗಡಿಯಲ್ಲಿ ಪ್ರತಿ ಸೀರೆಗೂ ಎರಡು ಬೆಲೆ. ಒಂದು ಹೇಳುವುದಕ್ಕೆ, ಇನ್ನೊಂದು ಕೊಡುವುದಕ್ಕೆ. ಗಿರಾಕಿ ಮುನಿಸಿಕೊಂಡು ಎದ್ದರೆ ಅವನು ಗಾದಿಯಿಂದ ಮಿಸುಕುತ್ತಿರಲಿಲ್ಲ. ಅಂಗಡಿಯ ಮುಂದೆ ಮೂರು ಮೆಟ್ಟಿಲು. ಮೊದಲನೆಯದರಲ್ಲೇ ಕರೆದರೆ ಸಾಹುಕಾರನಿಗೆ ಮಾರಲೇಬೇಕಾದ ಗರಜು ಇದೆ ಎಂದು ಗಿರಾಕಿಗೆ ತಿಳಿದುಹೋಗುತ್ತದೆ. ರಸ್ತೆಗೆ ಇಳಿದ ಮೇಲೆ ಕರೆದರೆ ಅಷ್ಟರಲ್ಲಿ ಎದುರಂಗಡಿಯವನು ಕೈ ಹಿಡಿದು ಎಳೆದುಕೊಂಡಿರುತ್ತಾನೆ. ಕರೆಯಬೇಕಾದದ್ದು ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟಾಗ. "ಬರ್ರಿ ಅಕ್ಕಾ, ಬೋಣಿ ಹೊತ್ತಿನ್ಯಾಗ ಹಂಗ ಎದ್ದು ಹೋಗಬ್ಯಾಡ್ರಿ." ಅಕ್ಕ ಗೆದ್ದ ಮುಖ ಹೊತ್ತು ತಿರುಗಿ ಬರುತ್ತಿದ್ದಳು, ಕೇಳಿದ ಬೆಲೆಗೆ ಸೀರೆ ಸಿಗುತ್ತಿತ್ತು. ಮಡಿಚಿ ಕಾಗದದಲ್ಲಿ ಸುತ್ತುವಾಗ ವೀರಯ್ಯನ ಬೆರಳುಗಳು ಜೊತೆಯ ರವಿಕೆ ತುಂಡನ್ನು ಮೆಲ್ಲಗೆ ಗಾದಿಯ ಕೆಳಗೆ ಸರಿಸುತ್ತಿದ್ದವು. ಬೆಲೆ ಇಳಿದರೆ ಮಾಲೂ ಇಳಿಯಬೇಕಲ್ಲ. ಇದನ್ನು ಮೋಸ ಎಂದರೆ ಅವನಿಗೆ ನಿಜವಾಗಿಯೂ ಬೇಸರವಾಗುತ್ತಿತ್ತು. ಅದು ಪೇಟೆಯ ಪದ್ಧತಿ, ಅಷ್ಟೆ.

ಮನೆಗೆ ಬರುವ ಕೊತ್ತಂಬರಿ ಕಟ್ಟಿನಿಂದ ಹಿಡಿದು ಮಾವನ ಶ್ರಾದ್ಧದ ಅಡಿಗೆಯವನವರೆಗೆ ಎಲ್ಲರೂ ಅವನ ಅರ್ಧದ ರುಚಿ ನೋಡಿದವರೇ. ಹಿಂದಿನ ದಸರೆಯಲ್ಲಿ ಮಗ ಬಸವಪ್ರಸಾದನಿಗೆ ಬೈಕು ಕೊಡಿಸಿದಾಗ ಮಾತ್ರ ವೀರಯ್ಯ ಬೋರ್ಡಿನ ಮೇಲಿದ್ದ ಬೆಲೆಯನ್ನು ಬೋರ್ಡಿನ ಮೇಲಿದ್ದಂತೆಯೇ ಎಣಿಸಿಕೊಟ್ಟು, ಮೇಲೆ ಶೋರೂಮಿನ ಹುಡುಗರಿಗೆಲ್ಲ ಪೇಡೆ ಹಂಚಿ ಬಂದಿದ್ದ. ಬೈಕಿನ ಜೊತೆ ಕೊಂಡ ಕಪ್ಪು ಹೆಲ್ಮೆಟ್ಟು ಅಂದಿನಿಂದ ನಡುಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಬಸವಪ್ರಸಾದನಿಗೆ ಅದನ್ನು ಹಾಕಿಕೊಂಡರೆ ಕೂದಲು ಕೆಡುತ್ತಿತ್ತು.

ತೆಲಂಗಾಣ ಬಂದು ಐದು ವರ್ಷಕ್ಕೆ ನಾರಾಯಣಪೇಟೆ ಜಿಲ್ಲೆಯಾಯಿತು. ಕಲೆಕ್ಟರು ಬಂದರು, ಬೋರ್ಡುಗಳು ಬಂದವು, ಬಾಡಿಗೆಗಳು ಏರಿದವು. ಜೊತೆಗೆ ಯಾರೂ ಯೋಚಿಸದ ಒಂದು ತಾಪತ್ರಯವೂ ಬಂತು. ಜಿಲ್ಲೆ ಎಂದ ಮೇಲೆ ಶಾಲಾ ಆಟಗಳಿಗೆ ಪ್ರತಿಯೊಂದರಲ್ಲೂ ಒಂದು ಜಿಲ್ಲಾ ತಂಡ ಬೇಕು. ಹೀಗೆ ಸೀರೆ ಮತ್ತು ಬಂಗಾರದ ಹೊರತು ಬೇರೆ ಯಾವುದಕ್ಕೂ ಹೆಸರಿಲ್ಲದ ಊರಿನಲ್ಲಿ ರಾತ್ರೋರಾತ್ರಿ ಹುಡುಗಿಯರ ಹಾಕಿ ತಂಡವೊಂದು ಹುಟ್ಟಿಕೊಂಡಿತು. ಅದನ್ನು ಹುಟ್ಟಿಸಿದವಳು ಹೆಣ್ಣುಮಕ್ಕಳ ಶಾಲೆಯ ಆಟದ ಟೀಚರು ತ್ರಿವೇಣಿ.

ತ್ರಿವೇಣಿ ಒಂದು ದಿನ ಸೀರೆ ಕೊಳ್ಳಲು ವೀರಯ್ಯನ ಅಂಗಡಿಗೆ ಬಂದಳು. ಅಟ್ಟದ ಮೇಲಿಂದ ಆಳು ಸೀರೆ ಕಟ್ಟುಗಳನ್ನು ಎಸೆಯುತ್ತಿದ್ದ, ಕೆಳಗೆ ನಿಂತ ವೀರಯ್ಯನ ಮಗಳು ಐಶ್ವರ್ಯ ಹಿಡಿಯುತ್ತಿದ್ದಳು. ಹತ್ತನೆಯ ತರಗತಿಯ ಹುಡುಗಿ, ಸಂಜೆ ಅಂಗಡಿಯಲ್ಲಿ ಕೈಯಾಸರೆ. ಗಿರಾಕಿಯ ಜೊತೆ ಮಾತಾಡುತ್ತಲೇ, ಆ ಕಡೆ ನೋಡದೆಯೇ, ಬಂದ ಕಟ್ಟನ್ನು ಕೈಯಿಂದಲೋ ಮೊಣಕಾಲಿನಿಂದಲೋ ತಡೆಯುತ್ತಿದ್ದಳು. ಒಂದೂ ನೆಲಕ್ಕೆ ಬೀಳಲಿಲ್ಲ. ತ್ರಿವೇಣಿ ಸೀರೆ ಬಿಟ್ಟು ಹುಡುಗಿಯನ್ನೇ ನೋಡುತ್ತ ನಿಂತಳು. ಸೀರೆಯನ್ನು ಕೊಳ್ಳಲಿಲ್ಲ, ಹುಡುಗಿಯನ್ನು ಗೋಲ್‌ಕೀಪರ್ ಮಾಡಿಕೊಂಡು ಹೋದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಗದ್ವಾಲಿನಲ್ಲಿ ಪಂದ್ಯಗಳು ಗೊತ್ತಾದವು. ಮೊದಲ ಪಂದ್ಯವೇ ಗದ್ವಾಲಿನ ಹುಡುಗಿಯರ ಮೇಲೆ. ಸೋತವರು ಅಂದೇ ಮನೆಗೆ. ಐಶ್ವರ್ಯಳಿಗೆ ಶಾಲೆಯ ಕೊನೆಯ ವರ್ಷ, ಇದು ತಪ್ಪಿದರೆ ಮತ್ತೆ ಇಲ್ಲ. ಆಗ ತ್ರಿವೇಣಿ ಅಂಗಡಿಗೆ ಬಂದು ವಿಷಯ ಹೇಳಿದಳು.

"ಸಾವ್ಕಾರ್ರ, ಅಂಗಿ ಚಡ್ಡಿ ನಾವ ಕೊಡ್ತೀವಿ. ಗೋಲ್‌ಕೀಪರಂದು, ಗೋಲಿ ಸಾಮಾನು ಮಾತ್ರ ನೀವ ನೋಡ್ರಿ. ಕಾಲಿಗೆ ಪ್ಯಾಡು, ಬೂಟಿನ ಮ್ಯಾಲ ಕಿಕ್ಕರು, ಎದಿಗಿ ಗಾರ್ಡು, ಗ್ಲೌಸು, ಹೆಲ್ಮೆಟ್ಟು. ಅದು ಇಲ್ಲಂದ್ರ ನಿಮ್ಮ ಹುಡುಗಿನ್ನ ಒಳಗ ಬಿಡಂಗಿಲ್ಲ. ಚೆಂಡು ಕಲ್ಲಿದ್ದಂಗ ಇರ್ತದ."

ವೀರಯ್ಯನಿಗೆ ಹಾಕಿ ಗೊತ್ತಿರಲಿಲ್ಲ. ಆದರೆ ಕೊಳ್ಳುವುದು ಗೊತ್ತಿತ್ತು. ಮಗಳಿಗೆ ಇಂಥದ್ದೊಂದು ಬೇಕೆಂಬುದಕ್ಕಿಂತ, ತಾನು ಇದುವರೆಗೆ ಚೌಕಾಶಿಯೇ ಮಾಡದ ಒಂದು ಹೊಸ ಮಾಲು ಜಗತ್ತಿನಲ್ಲಿದೆ ಎಂಬುದು ಅವನಲ್ಲಿ ಹುರುಪು ಹುಟ್ಟಿಸಿತು.

ನಾರಾಯಣಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿ ಎಂಬ ಹೆಸರಿನಲ್ಲಿ ಒಬ್ಬ ಕೇರಂ ಬೋರ್ಡು, ಬಹುಮಾನದ ಕಪ್ಪು, ಶಾಲೆಯ ಬ್ಯಾಂಡಿನ ಡೋಲು ಮಾರಿಕೊಂಡಿದ್ದ. ಹಾಕಿ ಗೋಲಿ ಸಾಮಾನು ಎಂದಾಗ ಒಂದು ಜೊತೆ ಕ್ರಿಕೆಟ್ ಪ್ಯಾಡು ಇಳಿಸಿ, "ಕಾಲು ಅವೇ ಅಲ್ರಿ, ಇದ್ನ ಕಟ್ರಿ" ಎಂದ. ಐಶ್ವರ್ಯ ತಲೆ ಅಲ್ಲಾಡಿಸಿದಳು. ವೀರಯ್ಯ ಆದರೂ ಕ್ರಿಕೆಟ್ ಪ್ಯಾಡಿನ ಬೆಲೆಯನ್ನು ಅರ್ಧಕ್ಕೆ ಇಳಿಸಿ, ಬೇಡ ಎಂದು ಎದ್ದುಬಂದ.

ಮಕ್ತಲಿನಲ್ಲಿ ಇನ್ನೊಂದು ಅಂಗಡಿ. ಅಲ್ಲಿ ಸಾಮಾನೇ ಇರಲಿಲ್ಲ, ಮೊಬೈಲಿನಲ್ಲಿ ಅದರ ಫೋಟೋ ಇತ್ತು. ಹೈದರಾಬಾದಿನಿಂದ ತರಿಸಿಕೊಡುವೆ, ಅಡ್ವಾನ್ಸ್ ಕೊಡಿ ಎಂದ ಅಂಗಡಿಯವನು. ವೀರಯ್ಯ ಕುರ್ಚಿ ಎಳೆದುಕೊಂಡು ಕೂತು ಆ ಫೋಟೋದ ಮೇಲೆಯೇ ವ್ಯಾಪಾರ ಶುರುಮಾಡಿದ. ಬಣ್ಣ ಮಾಸಿದೆ ಎಂದ. ಹೊಲಿಗೆ ಸರಿಯಿಲ್ಲ ಎಂದ. ಪಟ್ಟಿ ಸವೆದಿದೆ ಎಂದು ಪರದೆಯನ್ನು ಬೆರಳಿನಿಂದ ಉಜ್ಜಿ ತೋರಿಸಿದ. ಎರಡು ಚಹಾ ಮುಗಿಯುವಷ್ಟರಲ್ಲಿ ಫೋಟೋದ ಬೆಲೆ ಎರಡು ಸಾವಿರ ಇಳಿದಿತ್ತು. ಅಡ್ವಾನ್ಸಿನ ಮಾತು ಮತ್ತೆ ಬಂದಾಗ ವೀರಯ್ಯ ಎದ್ದು ಧೂಳು ಕೊಡವಿಕೊಂಡ. ಇಲ್ಲದ ವಸ್ತುವಿನ ಮೇಲೆ ಎರಡು ಸಾವಿರ ಉಳಿಸಿದ ಸಂತೋಷದಲ್ಲಿ ದಾರಿಯುದ್ದಕ್ಕೂ ಮಗಳಿಗೆ ವ್ಯಾಪಾರದ ಮರ್ಮ ಹೇಳುತ್ತ ಬಂದ. ಅವಳು ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

"ಮ್ಯಾಚಿಗೆ ಒಂದು ವಾರನೂ ಉಳಿದಿಲ್ಲಪ್ಪಾ," ಎಂದಳು.

"ಅದ್ನ ಅಂಗಡಿಯವ್ರ ಮುಂದ ಮಾತ್ರ ಹೇಳಬ್ಯಾಡ," ಎಂದ ವೀರಯ್ಯ. "ಗರಜು ತೋರಿಸಿದ್ರ ಮುಗೀತು."

ಹೀಗೆ ಉಳಿದದ್ದು ಗದ್ವಾಲೊಂದೇ. ಗದ್ವಾಲು ಇವರಿಗಿಂತ ಮೊದಲೇ ಜಿಲ್ಲೆಯಾಗಿತ್ತು, ಅದರ ತಾಪತ್ರಯ ಅದಕ್ಕೆ ಮೊದಲೇ ಬಂದಿತ್ತು. ಆಗ ಕೋಟೆಯ ಕಡೆಯ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ಆಂಜನೇಯುಲು ಎಂಬವನು ಗೋಲಿ ಸಾಮಾನು ಎರಡು ಜೊತೆ ತರಿಸಿದ್ದ. ಒಂದು ಅಲ್ಲಿನ ಶಾಲೆಗೆ ಹೋಯಿತು. ಇನ್ನೊಂದು ಬಾಗಿಲ ಮೇಲೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಎರಡು ಊರು ಸುತ್ತಿ ಬಂದ ಅಪ್ಪ ಮಗಳಿಗೆ ಅದು ರಸ್ತೆಯಿಂದಲೇ ಕಂಡಿತು. ಐಶ್ವರ್ಯಳ ಹೆಜ್ಜೆ ಜೋರಾಯಿತು, ವೀರಯ್ಯ ಅವಳ ಮೊಣಕೈ ಹಿಡಿದು ನಿಧಾನ ಮಾಡಿಸಿದ.

"ರಂಡಿ, ಕೂರ್ಚೋಂಡಿ," ಎಂದು ತೆಲುಗಿನಲ್ಲಿ ಬರಮಾಡಿಕೊಂಡು ಕೂರಿಸಿದ ಆಂಜನೇಯುಲು, ಇವರ ಮಾತು ಕೇಳಿ ಕನ್ನಡಕ್ಕೆ ಹೊರಳಿದ. ತೆಳ್ಳಗಿನ, ಅವಸರವಿಲ್ಲದ ಮನುಷ್ಯ. ಕೋಲಿನಿಂದ ಗಂಟು ಇಳಿಸಿ, ಒರೆಸಿ, ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ಹೆಲ್ಮೆಟ್ಟನ್ನು ಐಶ್ವರ್ಯಳ ಕೈಗೆ ಕೊಟ್ಟ. ಅವಳು ಹಾಕಿಕೊಂಡಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಮುಂದಿನ ಕಬ್ಬಿಣದ ಜಾಳಿಗೆಯ ಹಿಂದೆ ಅವಳ ಹಲ್ಲು ಕಂಡವು.

ಈ ನಗುವಿಗೆ ಐನೂರು ರೂಪಾಯಿ ದಂಡ ಬಿತ್ತು ಎಂದು ವೀರಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಣ್ಣು ಬಿಟ್ಟು ಸನ್ನೆ ಮಾಡಿದ. ಅವಳು ಹೆಲ್ಮೆಟ್ಟು ತೆಗೆದು, ಮುಖವನ್ನೂ ತೆಗೆದಿಟ್ಟವಳ ಹಾಗೆ ನಿಂತಳು.

"ಎಷ್ಟು?"

"ಹದಿನಾಲ್ಕು ಸಾವಿರ ಆಗ್ತದ ಸಾವ್ಕಾರ್ರ."

"ಏಳು," ಎಂದ ವೀರಯ್ಯ, ರಸ್ತೆಯ ಕಡೆ ನೋಡುತ್ತ.

ಆಮೇಲೆ ನಡೆದದ್ದನ್ನು ಪೂರ್ತಿ ಹೇಳಬೇಕೆಂದರೆ ಗದ್ವಾಲ್ ಸಂಸ್ಥಾನದ ಚರಿತ್ರೆಯಷ್ಟು ಉದ್ದವಾಗುತ್ತದೆ. ವೀರಯ್ಯ ಧೂಳು ತೋರಿಸಿದ. ಮೂರು ವರ್ಷದಿಂದ ಯಾರೂ ಮೂಸಿ ನೋಡದ ಮಾಲು ಎಂದ. ಕೈಗೆ ಗ್ಲೌಸು ಹಾಕಿಕೊಂಡು, ಇದರಲ್ಲಿ ಮೂಗು ಕೆರೆದುಕೊಳ್ಳಲೂ ಆಗುವುದಿಲ್ಲ ಎಂದ. ಆಂಜನೇಯುಲು ಪ್ರತಿಯೊಂದಕ್ಕೂ ತಲೆಯಾಡಿಸುತ್ತ ಒಂಬತ್ತೂವರೆಗೆ ಇಳಿದ, ಅಲ್ಲಿ ಕೂತುಬಿಟ್ಟ.

"ಎಲ್ಲಾ ಸೇರಿ ಒಂಬತ್ತೂವರಿ. ಮಗು ಆಡೋದು ಅಂತ ಹೇಳಾಕತ್ತೀನಿ. ಇದ್ರ ಕೆಳಗ ನನಗ ಗಿಟ್ಟಂಗಿಲ್ಲ."

ಇದು ಸರಿಯಾದ ಬೆಲೆ ಎಂದು ವೀರಯ್ಯನಿಗೆ ಗೊತ್ತಾಯಿತು. ವ್ಯಾಪಾರಿಗೆ ಗೊತ್ತಾಗದೆ ಇರುತ್ತದೆಯೆ. ಗೊತ್ತಾದದ್ದೇ ತಡ, ಅವನು ಎದ್ದ. ಸರಿಯಾದ ಬೆಲೆಗೆ ಕೊಂಡುಕೊಂಡು ಹೋದರೆ ಊರಿನಲ್ಲಿ ಹೇಳಿಕೊಳ್ಳಲು ಏನು ಉಳಿಯುತ್ತದೆ? "ನಡೀ ಐಶೂ," ಎಂದು ಹೊರಗೆ ನಡೆದ.

ಇಲ್ಲಿ ಒಂದು ತೊಡಕಾಯಿತು. ಆಂಜನೇಯುಲುವಿನ ಅಂಗಡಿಗೆ ಮೆಟ್ಟಿಲುಗಳೇ ಇರಲಿಲ್ಲ, ನೆಲ ರಸ್ತೆಗೆ ಸಮನಾಗಿತ್ತು. ಎಲ್ಲಿ ಹೆಜ್ಜೆ ತಡೆಯಬೇಕು, ಎಲ್ಲಿ ಬೆನ್ನು ಕಿವಿಯಾಗಬೇಕು ಎಂಬ ಗುರುತು ಸಿಗದೆ ವೀರಯ್ಯ ನಡೆದೇ ನಡೆದ. ಸೈಕಲ್ ಅಂಗಡಿ ದಾಟಿತು, ಬೇವಿನ ಮರ ದಾಟಿತು. ಕುತ್ತಿಗೆ ಹಿಂದಕ್ಕೆ ತಿರುಗಲು ಹಟ ಹಿಡಿದಿತ್ತು, ಅವನು ಅದನ್ನು ಮುಂದಕ್ಕೇ ಹಿಡಿದಿದ್ದ. ಹಿಂದೆ ಬರುತ್ತಿದ್ದ ಮಗಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಕೊನೆಗೆ ಹಿಂದಿನಿಂದ ಒಂದು ದನಿ ಬಂತು: "ಸಾವ್ಕಾರ್ರ, ಬರ್ರಿ, ಎಂಟಕ್ಕ ತಗೊಂಡು ಹೋಗ್ರಿ."

ವೀರಯ್ಯ ಮದುಮಗನ ಹಾಗೆ ತಿರುಗಿ ಬಂದ. ಆಂಜನೇಯುಲು ಆಗಲೇ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಪ್ಯಾಡು ಹೋಯಿತು, ಕಿಕ್ಕರು ಹೋಯಿತು, ಎದೆಯ ಗಾರ್ಡು, ಗ್ಲೌಸು ಹೋದವು. ಹೆಲ್ಮೆಟ್ಟನ್ನು ಎತ್ತಿ ಹಿಂದಿನ ಕಪಾಟಿನಲ್ಲಿ ಇಟ್ಟ.

"ಅದು?" ಎಂದ ವೀರಯ್ಯ.

"ಎಂಟಕ್ಕ ಅದು ಬರಂಗಿಲ್ರಿ. ಹ್ವಾದ ವರ್ಷ ನಮ್ಮನಿಯಾಕಿ ನಿಮ್ಮ ಅಂಗಡ್ಯಾಗ ಒಂದು ಸೀರಿ ತಗೊಂಡಿದ್ಲು, ನಾನೂ ಹೊರಗ ಮೆಟ್ಲ ಹತ್ರ ನಿಂತಿದ್ದೆ. ಭಾಳ ಕಮ್ಮಿ ಮಾಡಿ ಕೊಟ್ರಿ ಅಂತ ಖುಷಿಯಾಗಿ ಬಂದ್ಲು. ಮನಿಗಿ ಬಂದು ಬಿಚ್ಚಿದ್ರ ರವಿಕಿ ತುಂಡು ಇರಲಿಲ್ಲ." ಆಂಜನೇಯುಲುವಿನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಾನು ನಿಮ್ಮ ಕಣ್ಮುಂದ ತೆಗದಿಟ್ಟೀನಿ ನೋಡ್ರಿ."

ಬೇರೆ ಯಾರಾದರೂ ಆಗಿದ್ದರೆ ನೆಲ ನೋಡುತ್ತಿದ್ದರು. ವೀರಯ್ಯನಿಗೆ ತನ್ನ ಹೆಸರು ಗದ್ವಾಲಿನವರೆಗೂ ಮುಟ್ಟಿದೆಯಲ್ಲ ಎಂದು ಹೆಮ್ಮೆಯಾಯಿತು. ಅಷ್ಟೇ ಅಲ್ಲ, ಈಗ ಅವನಿಗೆ ವ್ಯವಹಾರ ಪೂರ್ತಿ ಅರ್ಥವಾಯಿತು. ಹೆಲ್ಮೆಟ್ಟು ಎಂದರೆ ರವಿಕೆ ತುಂಡು. ಇದ್ದರೆ ಚೆಂದ, ಇಲ್ಲದಿದ್ದರೆ ಮನೆಯಲ್ಲಿ ಇನ್ನೊಂದು ಇದ್ದೇ ಇರುತ್ತದೆ. ಯಾವ ಹೆಂಗಸು ರವಿಕೆ ಇಲ್ಲ ಎಂದು ಸೀರೆ ಬಿಟ್ಟುಹೋದದ್ದುಂಟು?

"ಅಪ್ಪಾ, ಹೆಲ್ಮೆಟ್ ಇಲ್ದ ಆಗಂಗಿಲ್ಲ," ಎಂದಳು ಐಶ್ವರ್ಯ.

"ಅಣ್ಣಂದು ಐತಲ್ಲ ಮನಿಯಾಗ. ಹೊಸಾದು. ಪೂರಾ ದುಡ್ಡು ಕೊಟ್ಟು ತಂದದ್ದು."

"ಅದು ಗಾಡಿದು."

"ತಲಿ ಒಂದ ಅಲ್ಲೇನವ್ವ. ಗಾಡಿ ಮ್ಯಾಲ ಕುಂತ್ರೇನು, ಗೋಲಿನ್ಯಾಗ ನಿಂತ್ರೇನು."

ಆಂಜನೇಯುಲು ಬಾಯಿ ತೆರೆದ. ಹುಡುಗಿಯ ಕಡೆ ನೋಡಿ ಏನೋ ಹೇಳಬೇಕೆಂದ, ಆಮೇಲೆ ವೀರಯ್ಯನ ಕಡೆ ನೋಡಿ ಸುಮ್ಮನಾದ. ಇವನು ಅದನ್ನೂ ಬೆಲೆ ಏರಿಸುವ ಉಪಾಯ ಎಂದೇ ತಿಳಿಯುತ್ತಾನೆ ಎಂದು ಅವನಿಗೆ ಅನ್ನಿಸಿರಬೇಕು. ದುಡ್ಡು ಎಣಿಸಿಕೊಂಡು ಚೀಲ ಕೊಟ್ಟ.

ಊರಿಗೆ ಬಂದ ವೀರಯ್ಯ ಹದಿನಾಲ್ಕು ಸಾವಿರದ ಸಾಮಾನು ಎಂಟಕ್ಕೆ ತಂದ ಕತೆಯನ್ನು ಗಾದಿಯ ಮೇಲೆ ಕೂತು ಬಂದವರಿಗೆಲ್ಲ ಹೇಳಿದ. ಹೆಲ್ಮೆಟ್ಟಿನ ಭಾಗವನ್ನು ಕತೆಯಿಂದ ಮೆಲ್ಲಗೆ ಗಾದಿಯ ಕೆಳಗೆ ಸರಿಸಿದ್ದ. ಹೆಂಡತಿ ಶೈಲಜಾ ಮಾತ್ರ ಚೀಲ ಬಿಚ್ಚಿ ನೋಡಿ, "ತಲಿಗಿ ಏನೂ ಇಲ್ಲಲ್ರಿ," ಎಂದಳು. ವೀರಯ್ಯ ಗೂಟದ ಕಡೆ ಕೈ ತೋರಿಸಿದ. ಅವಳು ಗೂಟ ನೋಡಿದಳು, ಗಂಡನನ್ನು ನೋಡಿದಳು, ಒಳಗೆ ಹೋದಳು. ಮಾತಾಡಿದರೆ ಅವನು ಅದರಲ್ಲೂ ಅರ್ಧ ಕಡಿಯುತ್ತಾನೆ ಎಂಬುದು ಮದುವೆಯಾದ ವರ್ಷವೇ ಅವಳಿಗೆ ತಿಳಿದಿತ್ತು.

ಪಂದ್ಯದ ದಿನ ಬೆಳಿಗ್ಗೆ ಬಸವಪ್ರಸಾದನ ಬೈಕಿನ ಇನ್ಶೂರೆನ್ಸ್ ಕಟ್ಟಲೆಂದು ವೀರಯ್ಯ ಶೈಲಜಾಳ ಕೈಗೆ ಒಂದಿಷ್ಟು ನೋಟು ಕೊಟ್ಟಿದ್ದ. ಗದ್ವಾಲಿನ ಆಫೀಸಿನಲ್ಲೇ ಕಟ್ಟಿಬಿಡೋಣ, ಹೇಗೂ ಹೋಗುತ್ತೇವಲ್ಲ ಎಂದು. ಮಗ ಬರಲಿಲ್ಲ. ಅವನಿಗೆ ಅಂದು ಬೈಕಿನ ಮೇಲೆ ಮಾಡಬೇಕಾದ ಕೆಲಸಗಳಿದ್ದವು.

ಗದ್ವಾಲಿನ ಮೈದಾನದ ಅಂಚಿಗೆ ಆಂಜನೇಯುಲು ಒಂದು ತಾಡಪಾಲು ಕಟ್ಟಿಕೊಂಡು, ಚೆಂಡು, ಕೋಲಿನ ಟೇಪು, ಸಾಕ್ಸು ಮಾರುತ್ತ ಕೂತಿದ್ದ. ತಾಡಪಾಲಿನ ಬಿದಿರಿಗೆ ಆ ಹೆಲ್ಮೆಟ್ಟು ನೇತುಹಾಕಿದ್ದ. ವೀರಯ್ಯ ಅದನ್ನು ಕಂಡೂ ಕಾಣದವನ ಹಾಗೆ ಮುಂದೆ ಹೋದ.

ಐಶ್ವರ್ಯ ಪ್ಯಾಡು ಕಟ್ಟಿ, ಎದೆಗೆ ಗಾರ್ಡು ಬಿಗಿದು, ಅಣ್ಣನ ಕಪ್ಪು ಹೆಲ್ಮೆಟ್ಟು ತಲೆಗೇರಿಸಿ ಗೋಲಿನ ಕಡೆ ನಡೆದಳು. ಗದ್ವಾಲಿನ ಹುಡುಗಿಯರಿಂದ ಒಂದು ನಗೆ ಎದ್ದು ಇಡೀ ಮೈದಾನ ಸುತ್ತಿತು. ಅಂಪೈರು ಹೆಂಗಸು ಸೀಟಿ ಊದಿ ಅವಳನ್ನು ನಿಲ್ಲಿಸಿದಳು. ಮುಂದಿನ ಗಾಜನ್ನು ಬೆರಳಿನಿಂದ ಟಕ್ ಎಂದು ಬಡಿದು ತ್ರಿವೇಣಿಯನ್ನು ಕರೆದಳು.

"ಚೆಂಡು ಬಡಿದ್ರ ಈ ಗಾಜು ಹುಡುಗಿ ಕಣ್ಣಾಗ ಹೋಗ್ತದ. ಹಾಕಿ ಹೆಲ್ಮೆಟ್ ಹಾಕಿಸ್ರಿ, ಇಲ್ಲಾಂದ್ರ ಹೊರಗ ಕೂಡಿಸ್ರಿ. ಟೈಮಿಗಿ ಶುರು ಆಗಬೇಕು."

ತ್ರಿವೇಣಿ ಓಡಿಬಂದಳು. "ಸಾವ್ಕಾರ್ರ, ಅಕಾ, ಅಲ್ಲಿ ತೂಗಾಕತ್ಯದ ನೋಡ್ರಿ. ತಂದುಬಿಡ್ರಿ, ಜಲ್ದಿ."

ವೀರಯ್ಯ ತಾಡಪಾಲಿನ ಕೆಳಗೆ ಬಂದು ನಿಂತ. ಮಗಳು ಗೆರೆಯ ಹೊರಗೆ, ಬರಿದಲೆಯಲ್ಲಿ, ಪ್ಯಾಡಿನ ಕಾಲು ಅಗಲಿಸಿ ನಿಂತಿದ್ದಳು. ಅವಳು ಇತ್ತಲೇ ನೋಡುತ್ತಿದ್ದಾಳೆ ಎಂದು ಅವನ ಬೆನ್ನಿಗೆ ಗೊತ್ತಿತ್ತು. ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಶುರುಮಾಡಿತ್ತು.

"ಎಷ್ಟು ಇದಕ್ಕ?"

"ಮೂರು ಸಾವಿರ."

"ಒಂದೂವರಿ. ಅವತ್ತ ಒಂಬತ್ತೂವರಿಗಿ ಎಲ್ಲಾ ಅಂದಿದ್ದಿ, ಎಂಟು ಕೊಟ್ಟೀನಿ. ಲೆಕ್ಕ ನೀನ ಹಾಕು."

"ಅವತ್ತಿಂದು ಅವತ್ತಿಗಿ ಮುಗೀತು ಸಾವ್ಕಾರ್ರ. ಇವತ್ತಿಂದು ಮೂರು."

ವೀರಯ್ಯ ಪಟ್ಟಿ ಎಳೆದು ನೋಡಿದ. ಜಾಳಿಗೆಯ ತುದಿಯಲ್ಲಿ ತುಕ್ಕು ಹುಡುಕಿದ. ನಿನ್ನ ಮಾಲು ಇವತ್ತು ಬಿಟ್ಟರೆ ಇನ್ನು ಮೂರು ವರ್ಷ ತೂಗಾಡುತ್ತದೆ ಎಂದ. ಆಂಜನೇಯುಲು ಮೈದಾನದ ಕಡೆ ನೋಡಿ, "ಶುರು ಆಗಾಕತ್ತೈತಿ," ಎಂದಷ್ಟೇ ಹೇಳಿದ.

ಗರಜು ತೋರಿಸಬಾರದು. ಇಷ್ಟು ವರ್ಷ ಅನ್ನ ಹಾಕಿದ ಮಾತು ಅದು. ವೀರಯ್ಯ ಕೈ ಕೊಡವಿ ತಿರುಗಿ ನಡೆಯತೊಡಗಿದ.

ಹಿಂದೆ ಸೀಟಿ ಊದಿತು. ನಾರಾಯಣಪೇಟೆಯ ಹುಡುಗಿಯರು ಗೋಲ್‌ಕೀಪರ್ ಇಲ್ಲದೆಯೇ ಆಟ ಶುರುಮಾಡಿದರು. ವೀರಯ್ಯ ಕಬ್ಬಿನ ಹಾಲಿನ ಗಾಡಿಯವರೆಗೆ ಬಂದ. ಇನ್ನೇನು ಕರೆಯುತ್ತಾನೆ ಎಂದುಕೊಂಡ. ಅಷ್ಟರಲ್ಲಿ ಮೈದಾನದಲ್ಲಿ ದೊಡ್ಡ ಕೇಕೆ ಎದ್ದಿತು. ಕೇಕೆ ಹಾಕಿದವರು ಗದ್ವಾಲಿನವರು ಎಂದು ಕಿವಿಗೆ ತಿಳಿಯಿತು. ಈಗ ತಿರುಗಿದರೆ ಅವನು ಮೂರಕ್ಕೇ ಕಚ್ಚಿಕೊಂಡು ಕೂರುತ್ತಾನೆ. ವೀರಯ್ಯ ಗೇಟಿನ ಕಡೆ ಇನ್ನಷ್ಟು ನಡೆದ. ಕರೆಯಪ್ಪಾ, ಒಂದು ಸಲ ಕರೆದುಬಿಡು ಎಂದು ಒಳಗೇ ಬೇಡಿಕೊಳ್ಳುತ್ತಿದ್ದ. ಎರಡನೆಯ ಕೇಕೆ ಗೇಟಿನ ಹತ್ತಿರ ಕೇಳಿಸಿತು. ಯಾರೂ ಕರೆಯಲಿಲ್ಲ.

ಜನ್ಮದಲ್ಲಿ ಮೊದಲ ಬಾರಿಗೆ ವೀರಯ್ಯ ಯಾರೂ ಕರೆಯದೆಯೇ ತಿರುಗಿದ. ಓಡಿದ ಎನ್ನಲಾಗದು, ಪಂಚೆ ಎತ್ತಿಕೊಂಡು ದೊಡ್ಡ ದೊಡ್ಡ ಹೆಜ್ಜೆ ಹಾಕಿದ. ತಾಡಪಾಲಿನ ಬಿದಿರು ಬರಿದಾಗಿತ್ತು. ಗೋಲಿನ ಮುಂದೆ ಐಶ್ವರ್ಯ ಹಾಕಿ ಹೆಲ್ಮೆಟ್ಟು ಹಾಕಿಕೊಂಡು ಬಗ್ಗಿ ನಿಂತಿದ್ದಳು. ಬುಲೆಟ್ಟಿನ ಹಾಗೆ ಬಂದ ಚೆಂಡನ್ನು ಮೊಣಕಾಲಿನಿಂದ, ಅಟ್ಟದಿಂದ ಬಿದ್ದ ಸೀರೆ ಕಟ್ಟನ್ನು ಸರಿಸುವಷ್ಟು ಸಲೀಸಾಗಿ ಸರಿಸಿದಳು. ತಾಡಪಾಲಿನ ನೆರಳಿನಲ್ಲಿ ಶೈಲಜಾ ಕೈಚೀಲ ಮುಚ್ಚುತ್ತಿದ್ದಳು.

"ಎಷ್ಟು ಕೊಟ್ಟಿ?" ಎಂದ ವೀರಯ್ಯ, ಏದುಸಿರು ಬಿಡುತ್ತ.

"ಮೂರು ಕೊಟ್ಟೆ."

"ಮೂರೂ?"

"ಹೂಂ. ಈ ಅಣ್ಣಾರು ಒಂದು ಸಾವಿರ ವಾಪಸ್ ಕೊಟ್ರು."

ವೀರಯ್ಯನಿಗೆ ಅರ್ಥವಾಗಲಿಲ್ಲ. ಆಂಜನೇಯುಲು ಟೇಪಿನ ಸುರುಳಿ ಜೋಡಿಸುತ್ತ ಹೇಳಿದ, "ಅಕ್ಕಾರು ಬಂದು ಎಷ್ಟು ಅಂದ್ರು, ಕೊಟ್ಟುಬಿಟ್ರು. ಇದ್ರ ರೇಟು ಎರಡು ಸಾವಿರ ಸಾವ್ಕಾರ್ರ. ಅದ್ರಾಗೂ ಐನೂರು ನನ್ನ ಲಾಭ, ಬಿಸಲಾಗ ಹೊತ್ಕೊಂಡು ಬಂದು ಕುಂತೀನಲ್ಲ. ಮ್ಯಾಲಿನ ಒಂದು ಸಾವಿರ ನೀವು ಬರ್ತೀರಿ ಅಂತ ಇಟ್ಟಿದ್ದು. ಅಕ್ಕಾರಿಗಿ ಅದು ಯಾಕ."

ಅಂದರೆ ಆ ಒಂದು ಸಾವಿರ ತನಗಾಗಿಯೇ ಹೊಲಿಸಿದ್ದು. ತನ್ನ ಅಳತೆಗೆ. ವೀರಯ್ಯ ಅಲ್ಲಿಯೇ ಚೆಂಡಿನ ಪೆಟ್ಟಿಗೆಯ ಮೇಲೆ ಕೂತ.

ಆಮೇಲೆ ಗದ್ವಾಲಿನವರಿಂದ ಒಂದು ಚೆಂಡೂ ಒಳಗೆ ಹೋಗಲಿಲ್ಲ. ಐಶ್ವರ್ಯ ಕಾಲಿನಿಂದ ತಡೆದಳು, ಕೈಯಿಂದ ತಡೆದಳು, ಒಮ್ಮೆ ನೆಲಕ್ಕೆ ಅಡ್ಡ ಬಿದ್ದು ಎದೆಯಿಂದ ತಡೆದಳು. ಎದುರಾಳಿಗಳ ಊರಿನವರೇ ಚಪ್ಪಾಳೆ ತಟ್ಟಿದರು. ಕೊನೆಗೆ ಇವರ ಕಡೆಯಿಂದ ಒಂದು ಗೋಲೂ ಆಯಿತು. ಆದರೆ ಆ ಮೊದಲಿನ ಎರಡು ಇದ್ದವಲ್ಲ. ಎರಡಕ್ಕೆ ಒಂದು. ಸೋತವರು ಅಂದೇ ಮನೆಗೆ.

ತ್ರಿವೇಣಿ ಹುಡುಗಿಯ ಹೆಗಲು ಹಿಡಿದು ಏನೋ ಹೇಳಿದಳು. ವೀರಯ್ಯನ ಪಕ್ಕದಿಂದ ಹಾದುಹೋದಳು. ಇನ್ಶೂರೆನ್ಸಿನ ದುಡ್ಡು ಕರಗಿದ್ದರಿಂದ ಆ ಆಫೀಸಿನ ಕಡೆ ಹೋಗುವುದೂ ಉಳಿಯಲಿಲ್ಲ. ಮೂವರೂ ಬಸ್ಸು ಹತ್ತಿದರು.

ಬಸ್ಸು ಜೂರಾಲದ ಅಣೆಕಟ್ಟೆಯ ಮೇಲೆ ಬಂದಾಗ ಕೃಷ್ಣೆ ಒಂದು ಕಡೆ ತುಂಬಿ ನಿಂತಿತ್ತು. ವೀರಯ್ಯನ ಕಣ್ಣಿಗೆ ನದಿ ಕಾಣಲಿಲ್ಲ. 'ಎಂಟು, ಮೇಲೆ ಎರಡು, ಹತ್ತಾಯಿತು. ಅವತ್ತೇ ಒಂಬತ್ತೂವರೆ ಕೊಟ್ಟಿದ್ದರೆ...' ಎಂದು ಯೋಚನೆ ಅಲ್ಲಿಗೆ ಬಂದು ನಿಲ್ಲುತ್ತಿತ್ತು, ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ಬರುತ್ತಿತ್ತು. ಕೊನೆಗೆ ಅವನು ಒಂದು ದಾರಿ ಕಂಡುಕೊಂಡ.

"ನೀ ಅವಸರ ಮಾಡಿದಿ," ಎಂದ ಶೈಲಜಾಳಿಗೆ. "ಇನ್ನೊಂದೀಟು ತಡದಿದ್ರ ಒಂದೂವರಿಗಿ ಅವನ ಕೊಡ್ತಿದ್ದ. ಹುಡುಗರ ಸಾಮಾನಿನ್ಯಾಗ ಲಾಭ ಭಾಳ ಇಟ್ಟಿರ್ತಾರ."

ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಐಶ್ವರ್ಯ ತಿರುಗಿದಳು. ಹಣೆಯ ಮೇಲೆ ಪಟ್ಟಿಯ ಗುರುತು ಕೆಂಪಗಿತ್ತು. ಅತ್ತಿರಲಿಲ್ಲ.

"ಅಣ್ಣನ ಗಾಡಿ ತರಾಕ ಹೋದಾಗ ನೀ ಯಾಕ ಎದ್ದು ಹೋಗಲಿಲ್ಲಪ್ಪಾ?"

"ಅದು ಶೋರೂಮವ್ವ," ಎಂದ ವೀರಯ್ಯ. ಈ ಪ್ರಶ್ನೆಗೆ ಉತ್ತರ ಇದೆ ಎಂದು ಅವನಿಗೆ ಸಮಾಧಾನವಾಯಿತು. "ಅಲ್ಲಿ ಚೌಕಾಶಿ ನಡಿಯಂಗಿಲ್ಲ. ಫಿಕ್ಸ್ ರೇಟ್ ಇರ್ತದ."

ಐಶ್ವರ್ಯ ಹೆಲ್ಮೆಟ್ಟಿನ ಜಾಳಿಗೆಯ ಧೂಳು ಒರೆಸಿದಳು.

"ಹಂಗಾರ ನನಗೂ ಒಂದು ಫಿಕ್ಸ್ ರೇಟ್ ಹಾಕಿಬಿಡಪ್ಪಾ," ಎಂದಳು.

ಎದ್ದುಹೋಗಲು ಬಸ್ಸಿನಲ್ಲಿ ಜಾಗವಿರಲಿಲ್ಲ. ವೀರಯ್ಯ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತ. ಮಗಳು ಹೆಲ್ಮೆಟ್ಟು ತಲೆಗೆ ಹಾಕಿಕೊಂಡು ಕಿಟಕಿಗೆ ಒರಗಿದಳು. ಅಂದು ಅಂಗಡಿಯಲ್ಲಿ ಐನೂರು ದಂಡ ಹಾಕಿದ್ದ ಆ ನಗು ಜಾಳಿಗೆಯ ಹಿಂದೆ ಇದೆಯೇ ಎಂದು ಅವನು ಬಗ್ಗಿ ನೋಡಿದ. ಮಕ್ತಲ್ ಬರುವವರೆಗೂ ಅವಳು ಈ ಕಡೆ ತಿರುಗಲಿಲ್ಲ.